ಕೊಡಗಿಗೆ ಕೂಲಿಗೆ ಹೋದ್ರೂ ಮಗುವಿನ ಅಂಗನವಾಡಿ ಊಟ ತಪ್ಪಬೇಕಿಲ್ಲ: ಪೋಷಕರಿಗೆ ಮಾಹಿತಿ

ವೀರನಹೊಸಹಳ್ಳಿ (ಹುಣಸೂರು): ದಸರಾ ಗಜಪಯಣ ಹೊರಡುವ ಈ ಕಾಡಂಚಿನ ಊರಿನ ಸುತ್ತಲ ಹಾಡಿಗಳಿಂದ ಕಾಫಿ ಕೊಯ್ಲಿಗೆ ಅಂತ ಕೊಡಗಿಗೆ ಹೋಗುವ ಕುಟುಂಬಗಳಿವೆ. ಆಗ ಮಕ್ಕಳ ಅಂಗನವಾಡಿ ಊಟ ತಪ್ಪಿಹೋಗಬಹುದು. ಆದರೆ 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಈ ಊಟ ಮಗುವಿನ ಹಕ್ಕು. ರಾಜ್ಯದಲ್ಲಿ ಈ ಯೋಜನೆ 1975ರಲ್ಲಿ ಶುರುವಾಗಿದ್ದೇ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ.

ಯಾರಿಗೆ ಏನು: 6 ತಿಂಗಳಿಂದ 3 ವರ್ಷದವರಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ. 3ರಿಂದ 6 ವರ್ಷದವರಿಗೆ ಕೇಂದ್ರದಲ್ಲೇ ಬಿಸಿ ಊಟ, ಆಟ, ಪಾಠ. ವರ್ಷಕ್ಕೆ 300 ದಿನ, ದಿನಕ್ಕೆ 500 ಕ್ಯಾಲೊರಿಯಷ್ಟು. ತೀವ್ರ ಅಪೌಷ್ಟಿಕತೆ ಇದ್ದರೆ 800. ಎಲ್ಲಾ ಉಚಿತ.

ದಾಖಲೆ: ತಾಯಿ ಕಾರ್ಡ್, ತಾಯಿಯ ಆಧಾರ್ ಒಯ್ಯಿರಿ. ಮಗುವಿಗೆ ಆಧಾರ್ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ.

ಊರು ಬಿಡುವಾಗ: ಹೊರಡುವ ಮೊದಲೇ ಕಾರ್ಯಕರ್ತೆಗೆ ತಿಳಿಸಿ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹೋಗುವ ಊರಿನ ಅಂಗನವಾಡಿಗೆ ವರ್ಗಾಯಿಸಲು ಅವಕಾಶ ಇದೆ. ತಾಯಿ ಕಾರ್ಡ್ ಜೊತೆಗಿರಲಿ, ಲಸಿಕೆ ಲೆಕ್ಕ ಅದರಲ್ಲೇ ಇರುತ್ತೆ.

ಪೋಷಕರು ಗಮನಿಸಿ:
• ಆನೆ ಓಡಾಡುವ ದಾರಿ. ಮಗುವನ್ನು ದೊಡ್ಡವರೇ ಬಿಟ್ಟು, ದೊಡ್ಡವರೇ ಕರ್ಕೊಂಡು ಬನ್ನಿ.
• ಜ್ವರ, ಭೇದಿ ಇದ್ದರೆ ಕಳಿಸಬೇಡಿ.
• ತಿಂಗಳ ತೂಕ ತಪ್ಪಿಸಬೇಡಿ. 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ ಬಂದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ.

ಊಟ ಸಿಗದಿದ್ದರೆ: ಹುಣಸೂರಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ದೂರು ಕೊಡಿ. ಮಕ್ಕಳಿಗೆ ತೊಂದರೆ ಆದರೆ ಸಹಾಯವಾಣಿ 1098, ದಿನದ 24 ಗಂಟೆ.