ಆಸ್ತಿ ನಿರ್ವಹಣಾ ಕಂಪನಿಯ ಷೇರು

ಮ್ಯೂಚುವಲ್ ಫಂಡ್ ನಡೆಸುವ ಕಂಪನಿಯ ಒಡೆತನದಲ್ಲಿನ ಪಾಲು. ಫಂಡಿನ ಯೂನಿಟ್ ಕೊಂಡವರು ಕಂಪನಿಯ ಒಡೆಯರಲ್ಲ; ಷೇರು ಕೊಂಡವರು ಕಂಪನಿಯ ಲಾಭನಷ್ಟದಲ್ಲಿ ಪಾಲುದಾರರು. ಹೋಲಿಕೆಗೆ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯನೇ ಗ್ರಾಹಕ, ಸದಸ್ಯನೇ ಒಡೆಯ. ಆಸ್ತಿ ನಿರ್ವಹಣಾ ಕಂಪನಿಯಲ್ಲಿ ಗ್ರಾಹಕ, ಒಡೆಯ ಇಬ್ಬರೂ ಬೇರೆ.

ನಿದರ್ಶನ: ಕೆನರಾ ಬ್ಯಾಂಕ್ 1987ರಲ್ಲಿ ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಆರಂಭಿಸಿತು. 2007ರಲ್ಲಿ ನೆದರ್ಲೆಂಡ್ಸ್‌ನ ರೊಬೆಕೊ ಆ ಫಂಡ್ ನಡೆಸುವ ಕಂಪನಿಯಲ್ಲಿ ಶೇ. 49 ಪಾಲು ಪಡೆದ ಮೇಲೆ ಅದರ ಹೆಸರು ಕೆನರಾ ರೊಬೆಕೊ ಆಯಿತು. 2025ರ ಅಕ್ಟೋಬರ್‌ನಲ್ಲಿ ಕಂಪನಿಯ ಷೇರು ಪೇಟೆಗೆ ಬಂತು.

ಬಲ: ಆದಾಯ ಬರುವುದು ನಿರ್ವಹಿಸುವ ಹಣದ ಮೇಲಿನ ಶುಲ್ಕದಿಂದ. ಶುಲ್ಕ ಶೇ. 0.5 ಎಂದಿಟ್ಟುಕೊಂಡರೆ 1,000 ಕೋಟಿ ರೂಪಾಯಿಗೆ 5 ಕೋಟಿ, 1,500 ಕೋಟಿಗೆ 7.5 ಕೋಟಿ; ಆದರೆ ಸಿಬ್ಬಂದಿ, ಕಚೇರಿಯ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಿಂದಲೂ ಮೊಬೈಲ್ ಮೂಲಕ ತಿಂಗಳ ಕಂತು ಕಟ್ಟಬಹುದಾದ್ದರಿಂದ ಗ್ರಾಹಕರ ವ್ಯಾಪ್ತಿ ದೊಡ್ಡದು.

ಅಪಾಯ: ಪೇಟೆ ಕುಸಿದರೆ ನಿಧಿಯ ಮೌಲ್ಯವೂ ಶುಲ್ಕವೂ ಒಟ್ಟಿಗೆ ಇಳಿಯುತ್ತವೆ. ಫಂಡಿನ ವೆಚ್ಚದ ಮಿತಿಯನ್ನು ಷೇರುಪೇಟೆಯ ನಿಯಂತ್ರಕ ಸೆಬಿ ನಿಗದಿಪಡಿಸುತ್ತದೆ; ಅದನ್ನು ಇಳಿಸಿದರೆ ಶುಲ್ಕವೂ ಇಳಿಯಬಹುದು. ಕಡಿಮೆ ಶುಲ್ಕದ ಸೂಚ್ಯಂಕ ಫಂಡ್‌ಗಳ ಪೈಪೋಟಿಯೂ ಇದೆ. ಷೇರಿಗೆ ಖಚಿತ ಪ್ರತಿಫಲವಿಲ್ಲ, ಬ್ಯಾಂಕ್ ಠೇವಣಿಗಿರುವ ವಿಮೆಯೂ ಇಲ್ಲ.