ಒಂದು ಸರೋವರ, ಎರಡು ಹೋಟೆಲುಗಳು

ಪ್ರವಾಸಕ್ಕೆ ಬಂದವನಿಗೆ ನಾಲ್ಕು ದಿನದ ತಂಗುದಾಣ ಸಾಕು. ಊರನ್ನೇ ಕಳೆದುಕೊಂಡು ಬಂದವನಿಗೆ ನಾಳೆಯೂ ಬೇಕು, ನಾಡಿದ್ದೂ ಬೇಕು. ಇಬ್ಬರೂ ಒಂದೇ ಬಾಗಿಲನ್ನು ತಟ್ಟಿದರೆ ಯಾರಿಗೆ ತೆರೆಯಬೇಕು? ಯೂರೋಪಿನ ಜಿನೀವಾ ಸರೋವರದ ಸುತ್ತ ನಡೆದ ಸಂಗತಿಗಳನ್ನು ನೋಡಿದರೆ ಈ ಪ್ರಶ್ನೆ ಎಷ್ಟು ತೊಡಕಿನದೆಂಬುದು ನಿಮಗೇ ತಿಳಿಯುತ್ತದೆ.

ಈ ಸರೋವರದ ಒಂದು ದಡ ಬಹುಮಟ್ಟಿಗೆ ಫ್ರಾನ್ಸಿನದು, ಇನ್ನೊಂದು ಸ್ವಿಟ್ಜರ್ಲೆಂಡಿನದು. ಇಲ್ಲಿನ ಹವೆ ನೀರು ಹಿತವೆಂದು ಸಿರಿವಂತರು ಬರುತ್ತಿದ್ದುದರಿಂದ ಎರಡು ಕಡೆಯೂ ಅರಮನೆಯಂತಹ ಹೋಟೆಲುಗಳು ಎದ್ದವು. 1914ರಲ್ಲಿ ಮಹಾಯುದ್ಧ ಮೊದಲಾಗಿ ಪ್ರವಾಸಿಗಳ ಬರವು ನಿಂತಿತು. 1916ರಿಂದ ಸ್ವಿಸ್ ಸರ್ಕಾರ ಎರಡು ಪಕ್ಷಗಳ ಗಾಯಾಳು, ರೋಗಿ ಯುದ್ಧಕೈದಿಗಳನ್ನು ಕರೆತಂದು ದೇಶದ ಖಾಲಿ ಹೋಟೆಲುಗಳಲ್ಲಿ ಇರಿಸಿತು. ಯುದ್ಧ ಮುಗಿಯುವುದರೊಳಗೆ ಹೀಗೆ ಆಶ್ರಯ ಪಡೆದವರು ಸುಮಾರು 68,000 ಮಂದಿ. ವೆಚ್ಚ ಅವರವರ ಸರ್ಕಾರಗಳದು. ಕೈದಿಗೆ ಹಾಸಿಗೆ ಸಿಕ್ಕಿತು. ಹೋಟೆಲಿನ ಯಜಮಾನನೂ ಉಳಿದುಕೊಂಡ.

ಇನ್ನು 1938ಕ್ಕೆ ಬನ್ನಿ. ಜರ್ಮನಿ, ಆಸ್ಟ್ರಿಯಗಳಿಂದ ಯಹೂದಿಗಳು ದಿಕ್ಕುಗಾಣದೆ ಹೊರಟಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಕರೆಯಂತೆ, ಜುಲೈ ತಿಂಗಳಲ್ಲಿ, 32 ರಾಷ್ಟ್ರಗಳ ಪ್ರತಿನಿಧಿಗಳು ಫ್ರಾನ್ಸಿನ ದಡದ ಎವಿಯಾನ್ ಊರಿನ ರಾಯಲ್ ಹೋಟೆಲಿನಲ್ಲಿ ಸೇರಿದರು. ಒಬ್ಬೊಬ್ಬರಾಗಿ ಎದ್ದು ಮರುಕ ಸೂಚಿಸಿದರು. ಒಬ್ಬೊಬ್ಬರಾಗಿ ತಮ್ಮಲ್ಲಿ ಸ್ಥಳವಿಲ್ಲವೆಂದರು. ದೊಡ್ಡ ಸಂಖ್ಯೆಯಲ್ಲಿ ಬರಮಾಡಿಕೊಳ್ಳುತ್ತೇವೆಂದು ಮುಂದೆ ಬಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯವೊಂದೇ.

ಆರು ವರ್ಷ ಕಳೆಯಿತು. ಸರೋವರದ ಸ್ವಿಸ್ ಕಡೆ, ಮಾಂತ್ರೋ ಪಟ್ಟಣದ ಮೇಲಿನ ಬೆಟ್ಟದಲ್ಲಿ, ಕೋ ಎಂಬ ಊರಿದೆ. 1902ರಲ್ಲಿ ತೆರೆದ ಅಲ್ಲಿನ ಭಾರಿ ಹೋಟೆಲು ಎರಡನೆಯ ಮಹಾಯುದ್ಧದಿಂದ ಬರಿದಾಗಿತ್ತು. 1944ರ ಡಿಸೆಂಬರಿನಲ್ಲಿ ಬೆರ್ಗೆನ್ ಬೆಲ್ಸೆನ್ ಶಿಬಿರದಿಂದ ಹಣ ತೆತ್ತು ಬಿಡಿಸಿಕೊಂಡ ಸುಮಾರು 1,350 ಯಹೂದಿಗಳು ಸ್ವಿಟ್ಜರ್ಲೆಂಡನ್ನು ಸೇರಿದರು. ಅವರಲ್ಲಿ ಅನೇಕರಿಗೆ ಆ ಚಳಿಗಾಲದಲ್ಲಿ ನೆರಳಾದದ್ದು ಕೋ ಊರಿನ ಹೋಟೆಲುಗಳೇ.

ಎವಿಯಾನಿನವರು ಕಟುಕರು, ಕೋ ಊರಿನವರು ಧರ್ಮಿಷ್ಠರು ಎಂದು ತೀರ್ಪು ಕೊಡುವ ಮುನ್ನ ಒಂದು ಮಾತನ್ನು ಗಮನಿಸಿ. 1916ರಲ್ಲಿಯೂ 1944ರಲ್ಲಿಯೂ ಕೋಣೆಗಳು ಖಾಲಿ ಇದ್ದವು. ಖಾಲಿ ಕೋಣೆಯನ್ನು ತೆರೆಯುವುದು ಅಷ್ಟು ಕಷ್ಟವಲ್ಲ. ಪ್ರವಾಸಿಯೂ ನಿರಾಶ್ರಿತನೂ ಒಟ್ಟಿಗೆ ಬಂದಾಗಲೇ ನಿಜವಾದ ಪರೀಕ್ಷೆ. 2022ರಲ್ಲಿ ಉಕ್ರೇನಿನಿಂದ ಬಂದವರಿಗಾಗಿ ಐರ್ಲೆಂಡ್ ಸರ್ಕಾರ ಹೋಟೆಲುಗಳನ್ನು ಬಾಡಿಗೆಗೆ ಹಿಡಿಯಿತು. ಹೋಟೆಲಿಗೆ ಬಾಡಿಗೆಯೇನೋ ಬಂತು. ಆದರೆ ಪ್ರವಾಸಿಯನ್ನೇ ನೆಚ್ಚಿದ ಊರುಗಳಲ್ಲಿ ಊಟದ ಮನೆಯವರು, ಅಂಗಡಿಯವರು ಗಿರಾಕಿಯಿಲ್ಲವೆಂದು ಕೊರಗಿದರು. ಅವರ ಕೊರಗೂ ಸುಳ್ಳಲ್ಲ.

ಛತ್ರದಲ್ಲಿ ರಾತ್ರಿ ಕಳೆಯಬಹುದು, ಸಂಸಾರ ಹೂಡಲಾಗದು. ಮೊದಲ ರಾತ್ರಿಗೆ ಹೋಟೆಲು ಇರಲಿ. ಅದೇ ದಿನವೇ ಮನೆಗೆ ತಳಪಾಯ ತೋಡಲು ತೊಡಗಬೇಕು. ತಡವಾದಷ್ಟೂ ನಿರಾಶ್ರಿತನಿಗೆ ಮನೆಯಿಲ್ಲ, ಊರಿಗೆ ಜೀವನವಿಲ್ಲ. ಎವಿಯಾನಿನಲ್ಲಿ ಕೊರತೆಯಾದದ್ದು ಕೋಣೆಯಲ್ಲ. ಮುಂದಿನ ದಿನದ ಯೋಚನೆ.