ಹಗಲು ಹೊತ್ತಿನ ಆಸರೆ

ಪ್ರಾಯ ಸಂದವರನ್ನು ಹಗಲು ಯಾರು ನೋಡಿಕೊಳ್ಳುವುದೆಂಬ ಪ್ರಶ್ನೆ ಹಿಂದೆ ನಮ್ಮ ಮಂಗಳೂರು ಸೀಮೆಯಲ್ಲಿ ಅಷ್ಟಾಗಿ ಇರಲಿಲ್ಲ. ಅಳಿಯಸಂತಾನದ ಕುಟುಂಬದ ಮನೆಗೆ ಗಂಡ ತೀರಿಹೋದ ಹೆಂಗಸು ಮರಳಿ ಬಂದು ಚಾವಡಿಯಲ್ಲಿ ಕೂತರೆ ಕಣ್ಣಿಡಲು ಹತ್ತು ಮಂದಿ ಇದ್ದರು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಅದು ತಪ್ಪೆಂದು ನಾವು ಹೇಳುವುದಿಲ್ಲ, ಆದರೆ ಚಾವಡಿಯೂ ಪಾಲಾಯಿತು. ಮಕ್ಕಳು ಮುಂಬಯಿಗೆ, ಮತ್ತೆ ಗಲ್ಫಿಗೆ ಹೋದರು.

ಆಮೇಲೆಯೂ ಬಹಳ ಮನೆಗಳನ್ನು ಕಾಪಾಡಿದ್ದು ಬೀಡಿ. ಸೊಸೆ ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಕಟ್ಟುತ್ತಲೇ, ನಡುವೆ ಎದ್ದು ಅತ್ತೆಗೆ ಗಂಜಿ ಕೊಡುತ್ತಿದ್ದಳು. ಬೀಡಿ ಕಡಿಮೆಯಾಗಿ ಅವಳು ಅಂಗಡಿ, ಆಫೀಸು ಅಂತ ಹೊರಟ ಮೇಲೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬಾಗಿಲಿಗೆ ಬೀಗ, ಒಳಗೆ ಅಜ್ಜಿ. ರಜೆ ಹಾಕಿ ಹಾಕಿ ಕೆಲಸ ಬಿಟ್ಟ ಹೆಣ್ಣುಮಕ್ಕಳೂ ನಮ್ಮ ಸದಸ್ಯರ ಮನೆಗಳಲ್ಲಿ ಉಂಟು.

ರೋಶನಿ ನಿಲಯದ ಪ್ರಾಂಶುಪಾಲರಾಗಿದ್ದ ಒಲಿಂಡಾ ಪಿರೇರಾ ಅವರು ನಿವೃತ್ತಿಯ ಬಳಿಕ ವಿಶ್ವಾಸ್ ಟ್ರಸ್ಟ್ ಮೂಲಕ ನಗರದ ಹಿರಿಯರ ಕಷ್ಟ ಕೇಳಿದರು. 2007ರ ಹಿರಿಯರ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ, ಜಿಲ್ಲೆಗೊಂದು 150 ಮಂದಿಯ ವೃದ್ಧಾಶ್ರಮ ಎಂದೆಲ್ಲ ಬರೆದಿದೆ. ಹಗಲಿನ ಆ ಒಂಬತ್ತು ಗಂಟೆಯ ಸುದ್ದಿ ಮಾತ್ರ ಇಲ್ಲ.

ಸಂಘದ ಗೊಬ್ಬರ ಗೋದಾಮಿನ ಪಕ್ಕದ ಕೋಣೆ ಹಗಲಿಗೆ ಖಾಲಿ, ಹತ್ತಲು ಮೆಟ್ಟಿಲೂ ಇಲ್ಲ. ಬೆಳ್ಳಿಹಬ್ಬದ ಈ ಮಹಾಸಭೆಯ ಮುಂದೆ ಆ ವಿಷಯ ಇಟ್ಟಿದ್ದೇವೆ.